ಪ್ರತಿಭಾ ಕಾರಂಜಿಯ ಓಬವ್ವ

ಸರ್ಕಾರಿ ಶಾಲೆಗಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕಾದಾಗ ಎಲ್ಲರೂ ಮೊದಲು ಎತ್ತುವ ಹೆಸರು ಪ್ರತಿಭಾ ಕಾರಂಜಿ ಎಂಬ ಶಾಲಾ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆಯದು. ಹಳ್ಳಿಯ ಮಗುವಿಗೆ ವೇದಿಕೆ ಕೊಟ್ಟಿತು, ಪಠ್ಯದಾಚೆ ಕರೆದೊಯ್ದಿತು ಎಂಬ ಹೊಗಳಿಕೆ ವರ್ಷ ವರ್ಷವೂ ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಆ ಹೊಗಳಿಕೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಮಕ್ಕಳನ್ನು ಚಟುವಟಿಕೆಗೆ ಸೇರಿಸಿಕೊಳ್ಳುತ್ತೇವೆ ಎನ್ನುವ ಈ ಕಾರ್ಯಕ್ರಮದ ಕಟ್ಟಡವೇ ಮಕ್ಕಳನ್ನು ಸೋಸಿ ಹೊರಗಿಡುವಂಥದ್ದು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ: ಮೆಟ್ಟಿಲುಗಳು ಓದುಗರಿಗೆ ಗೊತ್ತೇ ಇವೆ. ಗೆದ್ದವರು ಮೇಲೇರುತ್ತಾರೆ, ಉಳಿದವರ ಹಾಡು, ಬಣ್ಣ, ಕಥೆ ಆ ಮಧ್ಯಾಹ್ನಕ್ಕೇ ಮುಗಿಯುತ್ತವೆ.

ಒಂದೇ ಒಂದು ವಿಭಾಗವನ್ನು ಹತ್ತಿರದಿಂದ ನೋಡೋಣ: ಛದ್ಮವೇಷ. ಅದರಲ್ಲೂ ಒನಕೆ ಓಬವ್ವ. ಪುಟ್ಟ ಹುಡುಗಿ, ಕಚ್ಚೆ ಸೀರೆ, ರಟ್ಟಿನ ಒನಕೆ. ಬಂದು ನಿಂತವಳೇ ತೀರ್ಪುಗಾರರ ಮೇಜಿನ ಕಡೆ ತಿರುಗಿ ಗಂಟಲು ಬಿರಿಯುವಂತೆ ಕೂಗುತ್ತಾಳೆ: ತಾನು ಯಾರು, ಯಾವ ದುರ್ಗದವಳು, ಹೈದರಾಲಿಯ ಸೈನಿಕರಿಗೆ ಏನು ಗತಿ ಕಾಣಿಸುತ್ತಾಳೆ. ಮಾತು ಮೇಷ್ಟ್ರು ಬರೆದುಕೊಟ್ಟದ್ದು, ಬಾಯಿಪಾಠ ಮಾಡಿಸಿದ್ದು ಮನೆಯಲ್ಲಿ. ಎರಡು ಮೂರು ನಿಮಿಷ, ಚಪ್ಪಾಳೆ, ಮುಂದಿನ ಹೆಸರು. ನಾನು ನೋಡಿದ ಓಬವ್ವರೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದರು.

ಓಬವ್ವನ ಕಥೆಯ ಜೀವ ಇರುವುದೆಲ್ಲಿ? ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಅವಳು ನೀರಿಗೆ ಹೋಗಿದ್ದಾಳೆ. ಒಬ್ಬ ನುಸುಳುವಷ್ಟೇ ಜಾಗದ ಕಿಂಡಿಯಲ್ಲಿ ಶತ್ರುವಿನ ತಲೆ ಕಾಣುತ್ತದೆ. ಅವಳು ಕೂಗುವುದಿಲ್ಲ. ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ, ಬಡಿಯುತ್ತಾಳೆ, ಹೆಣವನ್ನು ಬದಿಗೆಳೆಯುತ್ತಾಳೆ, ಮುಂದಿನ ತಲೆಗೆ ಕಾಯುತ್ತಾಳೆ. ಒಂದು ಸದ್ದು ಹೊರಟರೂ ಆಚೆಯವನು ಎಚ್ಚರಗೊಳ್ಳುತ್ತಾನೆ. ಇಡೀ ಕಥೆ ನಿಂತಿರುವುದು ಆ ಮೌನದ ಮೇಲೆ, ಕಾಯುವಿಕೆಯ ಮೇಲೆ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಅರಿತೇ ಕಥೆ ಹೇಳುವ ಕೆಲಸವನ್ನು ಪಿ.ಬಿ. ಶ್ರೀನಿವಾಸ್ ಅವರ ದನಿಗೆ ಬಿಟ್ಟರು. ಓಬವ್ವನಾದ ಜಯಂತಿ ಅವರಿಗೆ ಉಳಿದದ್ದು ಕಣ್ಣು, ಮೈ, ಒನಕೆ. ನಮ್ಮ ವೇದಿಕೆಯಲ್ಲಿ ಹುಡುಗಿ ಮೌನವಾಗಿ ನಿಂತರೆ ಅಂಕ ಹೋಗುತ್ತದೆ. ಹಾಗಾಗಿ ಓಬವ್ವ ಯಾವುದನ್ನು ಮಾಡಲಿಲ್ಲವೋ ಅದನ್ನೇ ಮಾಡುವುದನ್ನು ಅವಳಿಗೆ ಕಲಿಸುತ್ತೇವೆ.

ಇನ್ನೂ ದೊಡ್ಡ ಕೊರತೆಯೆಂದರೆ ಕಿಂಡಿಯಿಂದ ಹೊರಬರುವವರು ಯಾರೂ ಇಲ್ಲ. ಎದುರಿಗೆ ಇನ್ನೊಂದು ಮಗುವಿಲ್ಲ. ಇನ್ನೊಬ್ಬರ ಉಸಿರು ಕೇಳಿಸಿಕೊಂಡು ತನ್ನ ಹೆಜ್ಜೆಯನ್ನು ತಡೆದು ಹಿಡಿಯುವುದು, ಅವನು ಮರೆತ ಮಾತನ್ನು ತಾನು ಎತ್ತಿಕೊಡುವುದು, ಸೈನಿಕನಾಗಿ ಬಿದ್ದವನು ಎದ್ದು ಹೋಗಿ ಮತ್ತೆ ಮುಂದಿನ ಸೈನಿಕನಾಗಿ ಬರುವುದು ಎಲ್ಲವೂ ಛದ್ಮವೇಷದಿಂದ ಹೊರಗೆ ಉಳಿಯುತ್ತವೆ. ಜನಪದ ನೃತ್ಯ, ಕವ್ವಾಲಿಯಂಥ ಸಾಮೂಹಿಕ ವಿಭಾಗಗಳಿವೆ, ನಿಜ. ಅಲ್ಲೂ ಆಯ್ಕೆಯಾಗುವುದು ಮೊದಲೇ ಚೆನ್ನಾಗಿ ಕುಣಿಯುವ, ಹಾಡುವ ಮಕ್ಕಳು.

ಪ್ರತಿಭಾ ಕಾರಂಜಿಯನ್ನು ಟೀಕಿಸುವವರು ಇಲ್ಲವೆಂದಲ್ಲ. ಆದರೆ ಅವರ ಸಿಟ್ಟೆಲ್ಲ ತೀರ್ಪಿನ ಸುತ್ತಲೇ ಸುತ್ತುತ್ತದೆ: ತೀರ್ಪುಗಾರರು ತಮ್ಮ ಕಡೆಯವರಿಗೆ ಕೊಟ್ಟರು, ಸಂಗೀತದ ಕ್ಲಾಸಿಗೆ ಹೋಗುವ ಖಾಸಗಿ ಶಾಲೆಯ ಮಕ್ಕಳೇ ಬಹುಮಾನ ಹೊತ್ತೊಯ್ದರು. ನಾಳೆ ಹರಿಶ್ಚಂದ್ರನನ್ನೇ ಕರೆತಂದು ಕೂರಿಸಿದರೂ ಸೋತು ಮನೆಗೆ ಹೋಗುವ ಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗದು. ಕೇರಳದ ಶಾಲಾ ಕಲೋತ್ಸವದ ಹಾಗೆ ದೊಡ್ಡದಾಗಿ ಮಾಡಿ ಎನ್ನುವವರೂ ಇದ್ದಾರೆ. 1957ರಲ್ಲಿ ಆರಂಭವಾದ ಆ ಉತ್ಸವವೇ ಪೈಪೋಟಿ ತಾಳಲಾಗದೆ ಕಲಾಪ್ರತಿಭಾ, ಕಲಾತಿಲಕಂ ಬಿರುದುಗಳನ್ನು ಕೈಬಿಟ್ಟಿತು ಎಂಬುದನ್ನು ಅವರು ನೆನೆಯಬೇಕು.

ಮೂರನೆಯ ಗುಂಪಿನವರದು ಹೆಚ್ಚು ಗಟ್ಟಿಯಾದ ವಾದ: ಏನೇ ಆಗಲಿ, ವೇದಿಕೆಯ ಭಯ ಹೋಗುತ್ತದಲ್ಲ? ಭಯ ಹೋಗುವುದು ಮತ್ತೆ ಮತ್ತೆ ನಿಂತಾಗ. ವರ್ಷಕ್ಕೊಮ್ಮೆ ನಿಂತು, ಮಧ್ಯದಲ್ಲಿ ಸಾಲು ಮರೆತು, ಸ್ಥಾನವಿಲ್ಲದೆ ಇಳಿದ ಮಗುವಿನಲ್ಲಿ ಭಯ ಬೇರೂರುತ್ತದೆ. ಮುಂದಿನ ವರ್ಷ ಹೆಸರು ಕೇಳಿದಾಗ ಕೈ ಎತ್ತದ ಮಕ್ಕಳನ್ನು ಈ ವಾದದವರು ಮಾತಾಡಿಸಲಿ. ಹಾಗೆಂದು ಸ್ವಂತ ದುಡ್ಡಿನಲ್ಲಿ ವೇಷ ಬಾಡಿಗೆಗೆ ತಂದು, ಟೆಂಪೊ ಮಾಡಿ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರ ಶ್ರಮವನ್ನು ನಾನು ಅಲ್ಲಗಳೆಯಲಾರೆ. ಆ ಶ್ರಮಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಬೇಕಿತ್ತು ಎಂಬುದೇ ನನ್ನ ಸಂಕಟ.

ಒಳ್ಳೆಯ ಮಾದರಿಗಾಗಿ ದೂರ ಹೋಗಬೇಕಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗಕ್ಕೆ ಇಳಿದರು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮಕ್ಕಳಿಗಾಗಿ ‘ಪಂಜರ ಶಾಲೆ’ ನಾಟಕ ಕಟ್ಟಿದರು. ಅವರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿ ಬೆಳೆಸಿದ ರಂಗಾಯಣದ ಚಿನ್ನರ ಮೇಳಕ್ಕೆ ಇಂದಿಗೂ ಬೇಸಿಗೆಯಲ್ಲಿ ಮಕ್ಕಳು ಬರುತ್ತಾರೆ. ಅದು ಒಂದು ಊರಿನ, ಒಂದು ಋತುವಿನ ಕೆಲಸ ಎಂಬ ಮಿತಿ ಇದ್ದೇ ಇದೆ. ಆದರೆ ಅಲ್ಲಿ ಹಾಡಲು ಬಾರದವನೂ ಮೇಳದಲ್ಲಿ ನಿಲ್ಲುತ್ತಾನೆ. ಮರವಾಗಿ ನಿಂತವನಿಗೂ ತಾನಿಲ್ಲದೆ ಕಾಡಿಲ್ಲ ಎಂಬುದು ಗೊತ್ತಿರುತ್ತದೆ.

ಇಂಥ ಕೆಲಸಕ್ಕೆ ಶಾಲೆಯಲ್ಲಿ ಸಮಯವೆಲ್ಲಿ ಎಂದು ಕೇಳುತ್ತಾರೆ. ಚಿತ್ರಕಲೆಗೆ, ಆಟಕ್ಕೆ ವೇಳಾಪಟ್ಟಿಯಲ್ಲಿ ಪಿರಿಯಡ್ ಇದೆ. ಎಷ್ಟೋ ಶಾಲೆಗಳಲ್ಲಿ ಅದಕ್ಕೆ ಶಿಕ್ಷಕರಿಲ್ಲ. ಇದ್ದ ಕಡೆಯೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಗಣಿತದವರು ಅದನ್ನು ಕೇಳಿ ಪಡೆಯುತ್ತಾರೆ, ಮುಖ್ಯೋಪಾಧ್ಯಾಯರು ಕೊಡುತ್ತಾರೆ. ಶಿಕ್ಷಣ ಇಲಾಖೆ ಮೊದಲು ಆ ಪಿರಿಯಡ್ಡುಗಳನ್ನು ಮಕ್ಕಳಿಗೆ ವಾಪಸ್ ಕೊಡಿಸಲಿ, ಶಿಕ್ಷಕರನ್ನು ನೇಮಿಸಲಿ. ತಾಲ್ಲೂಕು ಮಟ್ಟದ ಶಾಮಿಯಾನದ ಮಾತು ಆಮೇಲೆ.