ಎರಿಮಣ್ಣಿನ ಸೀಮೆಯ ಮನಿ ಪ್ಲಾಂಟ್

ಕಮಲನಾರಾಯಣ ಗುಡಿಯ ದೇಗಾಂವದಿಂದ ಬೈಲಹೊಂಗಲ ಹಾದು ಸವದತ್ತಿ, ರಾಮದುರ್ಗದ ಕಡೆ ಹೊರಟರೆ ಮಳೆ ಕಡಿಮೆಯಾಗುತ್ತ, ಮಣ್ಣು ಕಪ್ಪಾಗುತ್ತ ಹೋಗುತ್ತದೆ. ಪಡಸಾಲೆಯ ಮನಿ ಪ್ಲಾಂಟ್ ಮಾತ್ರ ಎಲ್ಲೆಡೆ ಅದೇ: ಹಳೆಯ ಬಾಟಲಿ, ನೀರಿನಲ್ಲಿ ಬಿಳಿ ಬೇರು, ಕಿಟಕಿಯ ಸರಳಿಗೆ ಸುತ್ತಿದ ಬಳ್ಳಿ. ಅದಕ್ಕೆ ಸಾವೇ ಇಲ್ಲ ಎನ್ನುವವರು ಬಹಳ. ಆದರೆ ಬಾಟಲಿಯಿಂದ ಕುಂಡಕ್ಕೆ ಇಳಿಸಿದ ಮೇಲೆ ಅದೇ ಬಳ್ಳಿ ಹಳದಿಗಟ್ಟಿ ಕೊಳೆಯುವುದನ್ನು ಈ ಸೀಮೆಯ ಎಷ್ಟೋ ಮನೆಗಳು ಕಂಡಿವೆ. ತಪ್ಪು ಬಳ್ಳಿಯದಲ್ಲ, ಹೊಲದಿಂದ ತಂದು ತುಂಬಿದ ಎರಿಮಣ್ಣಿನದು.

ಜೋಳ, ಕಡಲೆಗೆ ಎರಿಯಂಥ ನೆಲವಿಲ್ಲ. ಮಳೆ ನಿಂತ ಮೇಲೂ ಹಸಿ ಹಿಡಿದಿಟ್ಟು ಹಿಂಗಾರಿ ಪೀಕನ್ನು ದಾಟಿಸುತ್ತದೆ. ಕುಂಡದಲ್ಲಿ ಆ ಗುಣವೇ ಮುಳುವು. ಅದರ ಜೇಡಿ ನೀರು ಕುಡಿದು ಉಬ್ಬಿ ಗಾಳಿಯ ಸಂದುಗಳನ್ನು ಮುಚ್ಚುತ್ತದೆ, ಒಣಗಿದರೆ ಬಿರಿದು ಎಳೆ ಬೇರುಗಳನ್ನು ಹರಿಯುತ್ತದೆ. ಹಾಗಾದರೆ ಬರೀ ನೀರಿನಲ್ಲಿ ಬದುಕುವ ಬಳ್ಳಿ ಹಸಿಮಣ್ಣಿನಲ್ಲೇಕೆ ಸಾಯುತ್ತದೆ? ನೀರಿನಲ್ಲಿ ಮೂಡಿದ ಬೇರು ಅಲ್ಲಿ ಕರಗಿರುವ ಆಮ್ಲಜನಕಕ್ಕೆ ಒಗ್ಗಿರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಅದೂ ಸಿಗದು, ಸಿಗುವುದು ಕೊಳೆರೋಗ. ಕೆಂಪು ಮಸಾರಿಗೆ ತೆಂಗಿನ ನಾರಿನ ಪುಡಿ, ಒಂದಿಷ್ಟು ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಿದರೆ ಸಾಕು. ಬೆರಳು ಎರಡು ಗೆಣ್ಣು ಇಳಿದಾಗಲೂ ಮಣ್ಣು ಒಣಗಿದ್ದರೆ ಮಾತ್ರ ನೀರು. ದಿನಾ ಬೆಳಗ್ಗೆ ತುಳಸಿಕಟ್ಟೆಗೆ ಹಾಕಿ ಉಳಿದ ತಂಬಿಗೆ ನೀರನ್ನು ಇದಕ್ಕೂ ಸುರಿಯುವ ಪ್ರೀತಿ ಬೇಡ.

ಈ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಕಾಡಿನಲ್ಲಿ ಮರ ಹತ್ತಿದಾಗ ಇದರ ಎಲೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಾಗಿ, ಅಂಚು ಸೀಳಿಕೊಳ್ಳುತ್ತದೆ. ಮನೆಯಲ್ಲಿ ಕಾಣುವ ಅಂಗೈಯಗಲದ ಎಲೆ ಅದರ ಬಾಲ್ಯದ ರೂಪ. ನಾರು ಸುತ್ತಿದ ಕೋಲಿಗೆ ಹಬ್ಬಿಸಿದರೆ ಎಲೆ ತುಸು ದೊಡ್ಡದಾದೀತು. ಹೂವಂತೂ ಕನಸಿನ ಮಾತು: ತಾನಾಗಿ ಹೂಬಿಟ್ಟ ಕೊನೆಯ ದಾಖಲೆ 1964ರದು. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಈ ಗಿಡದಲ್ಲಿ ಸರಿಯಾಗಿ ತಯಾರಾಗುವುದಿಲ್ಲ ಎಂದು 2016ರ ಸಂಶೋಧನೆಯೊಂದು ತೋರಿಸಿತು. ಬೀಜವಿಲ್ಲದ ಮೇಲೆ ಉಳಿಯುವ ದಾರಿ ತುಂಡು ಬಳ್ಳಿಯೊಂದೇ. ಕದ್ದು ತಂದದ್ದೇ ಚೆನ್ನಾಗಿ ಹಬ್ಬುತ್ತದೆ ಎಂಬ ಮಾತಿದೆಯಲ್ಲ, ಗೆಣ್ಣು ಸಮೇತ ಕತ್ತರಿಸಿದ್ದರೆ ಕೇಳಿ ತಂದದ್ದೂ ಅಷ್ಟೇ ಹಬ್ಬುತ್ತದೆ!

ಇನ್ನು ಬೆಳಕು. ಮಣ್ಣಿನ ಮಾಳಿಗೆ ಮನೆಯಾದರೆ ಬೆಳಕಿಂಡಿಯ ಆಸುಪಾಸು, ಹಂಚಿನ ಮನೆಯಾದರೆ ಗಾಜಿನ ಹಂಚಿನ ಕೆಳಗೆ, ನೆತ್ತಿಬಿಸಿಲು ನೇರ ತಾಕದಂತೆ ಇಡಬೇಕು. ಕತ್ತಲ ಮೂಲೆಯಲ್ಲಿ ಗೆಣ್ಣುಗಳು ದೂರವಾಗಿ ಬಳ್ಳಿ ಸೊರಗುತ್ತದೆ, ಎಲೆಯ ಹಳದಿ ಗೆರೆ ಮಾಸುತ್ತದೆ. ಬೋರ್‌ವೆಲ್ಲಿನ ಸವಳು ನೀರೂ ಒಳ್ಳೆಯದಲ್ಲ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯ ತುದಿ ಕಂದಿದರೆ ಉಪ್ಪು ಸೇರಿದೆ ಎಂದೇ ಲೆಕ್ಕ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದು ಹಾಕಿದರೆ ಆ ಉಪ್ಪು ತೊಳೆದುಹೋಗುತ್ತದೆ.

ಗಾಳಿ ಶುದ್ಧ ಮಾಡುತ್ತದೆಂಬ ಖ್ಯಾತಿ 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದ ಫಲ. ತೆರೆದ ಕಿಟಕಿಯ ಕೆಲಸವನ್ನು ಗಿಡ ಮಾಡಬೇಕಾದರೆ ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು ಎಂದು 2019ರ ವಿಶ್ಲೇಷಣೆ ಲೆಕ್ಕ ಹಾಕಿತು. ಪಡಸಾಲೆಯಲ್ಲಿ ಕೂರಲು ಜಾಗ ಉಳಿಯದು.

ಕೆಸುವು, ಸುವರ್ಣಗಡ್ಡೆಗಳ ಕುಲದ್ದೇ ಆದ್ದರಿಂದ ಇದರ ಎಲೆಯಲ್ಲೂ ನವೆ ತರುವ ಆಕ್ಸಲೇಟ್ ಹರಳುಗಳಿವೆ, ಜಗಿದರೆ ಬಾಯಿ ಬಾತುಕೊಳ್ಳುತ್ತದೆ. ಸವರಿದ ಬಳ್ಳಿಯನ್ನು ಅಂಗಳದ ಆಡಿನ ಮುಂದೆ ಎಸೆಯಬಾರದು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಕುಂಡವನ್ನು ಗೂಟಕ್ಕೆ ತೂಗುಹಾಕುವುದು ಲೇಸು.