ಹಿಟ್ಟಿನ ಕೋಳಿಯೂ ತಡೆದ ಕತ್ತಿಯೂ: ಅದ್ಭುತಕಥೆಯಲ್ಲಿ ಧರ್ಮಾರ್ಥದ ವಿಚಾರ

(1)

ಅದ್ಭುತವು ರಸಗಳಲ್ಲೊಂದೆಂದು ಆಲಂಕಾರಿಕರು ಎಣಿಸಿದ್ದಾರೆ. ಪುರಾಣಗಳಿಗೂ ಕಾವ್ಯಗಳಿಗೂ ಅದು ಚಿರಪರಿಚಿತವಾದ ಸಾಮಗ್ರಿ. ಆದರೆ ಲೋಕದಲ್ಲಿ ನಡೆಯದ ಸಂಗತಿಗಳಿಂದಲೇ ಕಟ್ಟಿದ ಕಥೆಯೊಂದು ಒಂದು ಮತದ ಪರಮಾರ್ಥವನ್ನು ಹೊರಬಲ್ಲುದೆ, ಹೊತ್ತಿದ್ದರೆ ಅದು ಕಥೆಯ ಯಾವ ಅಂಗದಲ್ಲಿ ನೆಲೆಸಿರುತ್ತದೆ ಎಂಬುದು ಬೇರೆಯ ಪ್ರಶ್ನೆ. ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪ್ರಶ್ನೆಯನ್ನು ಬಲವಾಗಿ ಎಬ್ಬಿಸಿದ ಗ್ರಂಥವು ಜೆ. ಆರ್. ಆರ್. ಟೋಲ್ಕಿನ್ನನ (1892–1973) ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಈ ಕಥೆಯಲ್ಲಿ ದೇವಾಲಯವಿಲ್ಲ, ಪುರೋಹಿತನಿಲ್ಲ. ಕ್ರಿಸ್ತನ ಹೆಸರು ಒಮ್ಮೆಯೂ ಬರುವುದಿಲ್ಲ. ಹೀಗಿದ್ದರೂ 1953ರಲ್ಲಿ ರಾಬರ್ಟ್ ಮರ್ರೆ ಎಂಬ ಜೆಸುಯಿಟ್ ಮಿತ್ರನಿಗೆ ಬರೆದ ಕಾಗದದಲ್ಲಿ ಗ್ರಂಥಕರ್ತನು ತನ್ನ ಕೃತಿಯು ಮೂಲತಃ ಧಾರ್ಮಿಕವೂ ಕ್ಯಾಥೊಲಿಕ್ ಮತಕ್ಕೆ ಸೇರಿದುದೂ ಆಗಿದೆಯೆಂದು ಹೇಳಿಕೊಂಡಿದ್ದಾನೆ. ಮತಾಚಾರದ ಚಿಹ್ನೆಗಳನ್ನು ತಾನು ಕಥೆಯಿಂದ ತೆಗೆದುಹಾಕಿದುದಕ್ಕೆ ಇದೇ ಕಾರಣವೆಂದೂ ತಿಳಿಸಿದ್ದಾನೆ. ಆತನಿಗೆ ಆ ಶ್ರದ್ಧೆಯು ಅಗ್ಗವಾಗಿ ಬಂದುದಲ್ಲ. ತಾಯಿ ಮೇಬೆಲ್ 1900ರಲ್ಲಿ ಕ್ಯಾಥೊಲಿಕ್ ಮತವನ್ನು ಸೇರಿ, ಬಂಧುಗಳ ನೆರವನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡಳು. ಅನಾಥರಾದ ಇಬ್ಬರು ಮಕ್ಕಳನ್ನು ಫ್ರಾನ್ಸಿಸ್ ಮಾರ್ಗನ್ ಎಂಬ ಪಾದ್ರಿಯು ಸಾಕಿದನು.

ಚಿಹ್ನೆಯಿಲ್ಲದ ಕಡೆ ಚಿಹ್ನೆಯನ್ನು ಹುಡುಕುವುದು ವಿಮರ್ಶಕರ ಸಾಮಾನ್ಯವಾದ ಪರಿಪಾಟಿ. ಸತ್ತು ಮತ್ತೆ ಎದ್ದು ಬರುವ ಮಾಂತ್ರಿಕನು ಕ್ರಿಸ್ತನೆಂದೂ, ಅಡವಿಯ ರಾಣಿಯು ಮರಿಯಮ್ಮನವರೆಂದೂ ಪಟ್ಟಿ ಮಾಡುವುದು ಈ ಬಗೆಯದು. ಆದರೆ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ನನು ರೂಪಕಕಥೆಯ ಮೇಲೆ ತನಗಿರುವ ಅರುಚಿಯನ್ನು ಸ್ಪಷ್ಟವಾಗಿ ತಿಳಿಸಿದ್ದಾನೆ. ಪಟ್ಟಿಯನ್ನು ಬಿಟ್ಟರೆ ಕಥೆಯಲ್ಲಿ ಮತವು ಎಲ್ಲಿ ಉಳಿಯುತ್ತದೆ? ಈ ಪ್ರಶ್ನೆಯನ್ನು ಬಿಡಿಸಲು ಬೇಕಾದ ಒರೆಗಲ್ಲು ಕನ್ನಡನಾಡಿನಲ್ಲಿಯೇ, ಅದರಲ್ಲಿಯೂ ವಿಶೇಷವಾಗಿ ಅದರ ವಾಯವ್ಯದ ಗಡಿಯಲ್ಲಿ ದೊರೆಯುತ್ತದೆ.

(2)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಸೀಮೆಯು ಹಲವು ಮತಗಳ ಕಥಾಪರಂಪರೆಯು ಬಳಕೆಯಲ್ಲಿರುವ ನೆಲ. ರಾಯಬಾಗವು ರಟ್ಟರ ಕಾಲದಿಂದಲೂ ಜೈನರಿಗೆ ನೆಲೆಯಾಗಿತ್ತು. ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಜೀವವನ್ನು ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ನಿಪ್ಪಾಣಿಯ ಕಡೆಯ ಭೋಜ ಗ್ರಾಮದ ಮನೆತನದವರು. ಆಚಾರ್ಯ ವಿದ್ಯಾನಂದರು (1925–2019) ಕಾಗವಾಡದ ಬಳಿಯ ಶೇಡಬಾಳದವರು. ಆಚಾರ್ಯ ವಿದ್ಯಾಸಾಗರರು (1946–2024) ಚಿಕ್ಕೋಡಿಯ ಕಡೆಯ ಸದಲಗಾದವರು. ಅಥಣಿಯು ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳಿಂದ ವೀರಶೈವರಿಗೆ ಪುಣ್ಯಸ್ಥಳವಾಗಿದೆ. ನಿಪ್ಪಾಣಿಯ ಓದುಗರಿಗೆ ಕನ್ನಡದ ಷಟ್ಪದಿಯಂತೆ ಮರಾಠಿಯ ಓವಿಯೂ ತಿಳಿದಿದೆ.

ಈ ಮೂರು ಪರಂಪರೆಗಳಲ್ಲಿ ಮತವು ಕಥೆಯನ್ನು ಸೇರುವ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು ಪುರಾಣದ ದಾರಿ. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸನು 1616ರಲ್ಲಿ ಅಚ್ಚಾದ ತನ್ನ ‘ಕ್ರಿಸ್ತಪುರಾಣ’ವನ್ನು ಕೊಂಕಣಿಯ ಬೆರಕೆಯುಳ್ಳ ಮರಾಠಿಯ ಓವಿಯಲ್ಲಿಯೇ ರಚಿಸಿದನು. ಇಲ್ಲಿ ಉಡುಗೆಯು ದೇಶೀಯ, ಒಳಗಿನ ಕಥೆಯು ನೇರವಾಗಿ ಬೈಬಲಿನದು; ಮರೆಯೆಂಬುದಿಲ್ಲ. ಎರಡನೆಯದು ರೂಪಕದ ದಾರಿ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆಯ ತಂದೆ ಮಮಕಾರನೆಂಬ ಅರಸು, ತಾಯಿ ಮೋಹಿನಿ, ಹೆಸರೇ ಅರ್ಥವನ್ನು ಬಿಚ್ಚಿಡುತ್ತದೆ. ವಿದ್ಯಾಸಾಗರರು ಹಿಂದಿಯಲ್ಲಿ ಬರೆದು 1988ರಲ್ಲಿ ಪ್ರಕಟವಾದ ‘ಮೂಕಮಾಟಿ’ ಮಹಾಕಾವ್ಯದಲ್ಲಿ ಮಣ್ಣೇ ಮಾತಾಡುತ್ತದೆ. ಕುಂಬಾರನ ಕೈಯಲ್ಲಿ ಅದು ಕುಂಭವಾಗುವ ಕ್ರಮವು ಆತ್ಮಶುದ್ಧಿಯ ಕ್ರಮವೆಂದು ಓದುಗನು ಬೇಗನೆ ತಿಳಿಯುತ್ತಾನೆ. ಮೂರನೆಯ ದಾರಿಯಲ್ಲಿ ಹೆಸರುಗಳು ಏನನ್ನೂ ಸೂಚಿಸುವುದಿಲ್ಲ. ಯಾವ ಕರ್ಮಕ್ಕೆ ಯಾವ ಫಲವೆಂಬ ಕಥಾಲೋಕದ ಕಟ್ಟಳೆಯಲ್ಲಿಯೇ ಮತವು ಇರುತ್ತದೆ. ಈ ದಾರಿಯ ಶ್ರೇಷ್ಠವಾದ ಕನ್ನಡ ನಿದರ್ಶನವು ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’. ಟೋಲ್ಕಿನ್ನನ ಕಥೆಯೂ ಇದೇ ವರ್ಗಕ್ಕೆ ಸೇರುತ್ತದೆ.

(3)

ಜನ್ನನ ಕಥೆಯು ಶಿಕ್ಷಕವರ್ಗಕ್ಕೆ ತಿಳಿದಿರುವುದರಿಂದ ಮುಖ್ಯವಾದ ಸಂಧಿಯನ್ನು ಮಾತ್ರ ನೆನೆದರೆ ಸಾಕು. ಯಶೋಧರನು ಇರುಳಿನಲ್ಲಿ ತನ್ನ ರಾಣಿಯನ್ನೂ ಆಕೆಯ ಮಾವುತನನ್ನೂ ಕಂಡು ಕತ್ತಿಯನ್ನೆತ್ತುತ್ತಾನೆ, ಆದರೆ ಕೈ ತಡೆದು ಹಿಂದಿರುಗುತ್ತಾನೆ. ಮರುದಿನ ಕೆಟ್ಟ ಕನಸನ್ನು ಕಂಡೆನೆಂದು ತಾಯಿಗೆ ಹೇಳಲು, ಆಕೆಯು ಬಲಿಯನ್ನು ಕೊಡಬೇಕೆನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗನೂ ಮಾತನ್ನು ಬಿಡದ ತಾಯಿಯೂ ಹಿಟ್ಟಿನ ಕೋಳಿಯೊಂದರಲ್ಲಿ ರಾಜಿಯಾಗುತ್ತಾರೆ. ಕತ್ತಿಯು ಬಿದ್ದೊಡನೆ ಹಿಟ್ಟಿನ ಕೋಳಿಯು ಕೂಗುತ್ತದೆ. ಅಲ್ಲಿಂದ ಮುಂದೆ ವಿಷದಿಂದ ಮರಣ. ನವಿಲು ನಾಯಿಗಳಾಗಿ ಮೊದಲುಗೊಂಡು ಎರಡು ಕೋಳಿಗಳಾಗುವವರೆಗೆ ತಿರ್ಯಗ್ಜನ್ಮಗಳ ಸರಣಿ. ಮತ್ತೆ ಮತ್ತೆ ಕೊಲೆಗೀಡಾಗುವ ದುಃಖ.

ಒಂದೇ ಒಂದು ಜೀವವೂ ಸಾಯದ ಕೃತ್ಯಕ್ಕೆ ಇಷ್ಟು ಜನ್ಮಗಳ ಶಿಕ್ಷೆಯೆ ಎಂಬ ಆಕ್ಷೇಪವು ಹೊಸದಲ್ಲ. ಈ ಪ್ರಮಾಣಭಂಗವನ್ನು ಕಾವ್ಯದ ದೋಷವೆಂದು ಎಣಿಸುವವರಿಗೆ ಕಾವ್ಯದ ಜೀವವೇ ಕಾಣಿಸದೆ ಹೋಗುತ್ತದೆ. ಜೈನಶಾಸ್ತ್ರವು ಬೇಸಾಯ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯನ್ನು ಒಂದು ಕಡೆಗಿಟ್ಟು, ಕೊಲ್ಲಬೇಕೆಂಬ ಎಣಿಕೆಯಿಂದ ಮಾಡುವ ಸಂಕಲ್ಪಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕೆಂದು ವಿಧಿಸುತ್ತದೆ. ಕೃಷ್ಣೆಯ ದಂಡೆಯಲ್ಲಿ ನೇಗಿಲನ್ನು ಹಿಡಿದ ಜೈನ ಒಕ್ಕಲಿಗನಿಗೆ ಈ ಭೇದವು ದಿನದ ಬಾಳಿಗೆ ಸೇರಿದ್ದು. ಭೂಮಿಯನ್ನು ಉಳುವಾಗ ಹುಳು ಸಾಯುವುದಕ್ಕೂ ಹಿಟ್ಟನ್ನು ಕೋಳಿಯೆಂದು ಬಗೆದು ಕಡಿಯುವುದಕ್ಕೂ ಇರುವ ಅಂತರವನ್ನು ಆತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೂದುಗುಂಬಳವನ್ನು ಬಲಿಯ ಬದಲಾಗಿ ಒಡೆಯುವ ರೂಢಿಯುಳ್ಳ ನಾಡಿನಲ್ಲಿ ಜನ್ನನ ಪ್ರಶ್ನೆಯು ಗ್ರಂಥಕ್ಕೆ ಮಾತ್ರ ಮೀಸಲಾದುದಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದನ್ನೇ ಮತ್ತೆ ಎತ್ತಿಕೊಂಡುದು ಆ ಪ್ರಶ್ನೆಯು ಸತ್ತಿಲ್ಲವೆಂಬುದಕ್ಕೆ ಸಾಕ್ಷಿ. ಕೋಳಿಯು ಕೂಗುವ ಅದ್ಭುತವನ್ನು ತೆಗೆದುಬಿಟ್ಟರೆ ಸಂಕಲ್ಪವು ಕಣ್ಣಿಗೂ ಕಿವಿಗೂ ಗೋಚರವಾಗುವ ಬಗೆಯೇ ಇಲ್ಲ.

(4)

ಇನ್ನು ಟೋಲ್ಕಿನ್ನನ ಕಥೆ. ಧರಿಸಿದವನ ಮನಸ್ಸನ್ನು ಕೆಡಿಸುವ ಒಂದು ಉಂಗುರವನ್ನು, ಅದು ಎರಕಗೊಂಡ ಬೆಂಕಿಬೆಟ್ಟದಲ್ಲಿಯೇ ಹಾಕಿ ನಾಶಮಾಡಬೇಕು. ಅದನ್ನು ಹೊತ್ತು ನಡೆಯುವವನು ಫ್ರೋಡೊ ಎಂಬ ಸಾಮಾನ್ಯನು. ಉಂಗುರದ ಆಸೆಯಿಂದ ಬೆನ್ನಟ್ಟುವವನು ಗಾಲಮ್ ಎಂಬ ದುರ್ಜೀವಿ. ಉಂಗುರವು ಫ್ರೋಡೊನ ಕುಲಕ್ಕೆ ಬಂದ ಬಗೆಯನ್ನು ಹಿಂದಿನ ‘ದಿ ಹಾಬಿಟ್’ ಕಥೆಯು ಹೇಳುತ್ತದೆ. ಇಲ್ಲಿ ಪಾಠಾಂತರದ ಒಂದು ಸಂಗತಿಯು ಸಂಶೋಧಕರಿಗೆ ಬಹಳ ಬೆಲೆಯುಳ್ಳದ್ದು. 1937ರ ಮೊದಲ ಮುದ್ರಣದಲ್ಲಿ ಬಿಲ್ಬೊ ಎಂಬವನು ಒಗಟಿನ ಪಂದ್ಯದಲ್ಲಿ ಗೆಲ್ಲುತ್ತಾನೆ. ಕೊಡಬೇಕಾದ ಉಂಗುರವು ಕಾಣೆಯಾಗಿರಲು ಗಾಲಮನೇ ಅವನಿಗೆ ಹೊರದಾರಿಯನ್ನು ತೋರಿಸುತ್ತಾನೆ. 1951ರ ಪರಿಷ್ಕೃತ ಆವೃತ್ತಿಯಲ್ಲಿ ಗ್ರಂಥಕರ್ತನು ಈ ಪ್ರಕರಣವನ್ನು ಬದಲಿಸಿದನು. ಬಿಲ್ಬೊ ಅದೃಶ್ಯನಾಗಿ, ಕೈಯಲ್ಲಿ ಕತ್ತಿ ಹಿಡಿದು, ದಾರಿಗೆ ಅಡ್ಡವಾಗಿ ಕುಳಿತ ಗಾಲಮನ ಹಿಂದೆ ನಿಂತಿದ್ದಾನೆ, ಇರಿಯಬಹುದಾಗಿತ್ತು, ಆ ಪ್ರಾಣಿಯ ಬಾಳಿನ ಕತ್ತಲೆಯು ಒಮ್ಮೆಗೇ ತಿಳಿದು ಕನಿಕರವುಂಟಾಗಿ, ಕೊಲ್ಲದೆ ಅವನ ಮೇಲಿಂದ ನೆಗೆದು ಹೋಗುತ್ತಾನೆ. ಮುಂದಿನ ದೊಡ್ಡ ಕಥೆಯೆಲ್ಲ ಈ ಒಂದು ತಿದ್ದುಪಡಿಯ ಮೇಲೆ ನಿಂತಿದೆ.

ಬಿಲ್ಬೊನ ಕನಿಕರವನ್ನು ಮುಂದೆ ಫ್ರೋಡೊನೂ, ಕೊನೆಯಲ್ಲಿ ಅವನ ಆಳಾದ ಸ್ಯಾಮನೂ ಮುಂದುವರಿಸುತ್ತಾರೆ. ಆದರೆ ಬೆಂಕಿಯ ಅಂಚಿನಲ್ಲಿ ಫ್ರೋಡೊ ಸೋಲುತ್ತಾನೆ. ಉಂಗುರವನ್ನು ಎಸೆಯಲಾರದೆ ತನ್ನದೆಂದು ಸಾರುತ್ತಾನೆ. ಆಗ ಮೂರು ಸಲ ಉಳಿಸಲ್ಪಟ್ಟ ಗಾಲಮನು ಉಂಗುರದೊಡನೆ ಅವನ ಬೆರಳನ್ನೂ ಕಚ್ಚಿ ಕಿತ್ತು, ಹರ್ಷದಲ್ಲಿ ಕಾಲ್ತಪ್ಪಿ ಬೆಂಕಿಗೆ ಬೀಳುತ್ತಾನೆ. ಇದು ಕಾಕತಾಳೀಯವಲ್ಲ, ನಾಯಕನ ಬಲದಿಂದಲ್ಲದೆ ಹಿಂದಿನ ಕರುಣೆಯ ಆಸರೆಯಿಂದ ಕಾರ್ಯವು ಕೈಗೂಡಿತು. ಕನ್ನಡ ಕ್ಯಾಥೊಲಿಕರು ‘ವರಪ್ರಸಾದ’ವೆಂದು ಕರೆಯುವ ತತ್ತ್ವವು ಇಲ್ಲಿ ಹೆಸರಿಲ್ಲದೆ ಕೆಲಸ ಮಾಡಿದೆ. ಟೋಲ್ಕಿನ್ನನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ 1939ರಲ್ಲಿ ಮಾಡಿ 1947ರಲ್ಲಿ ಅಚ್ಚು ಹಾಕಿಸಿದ ಅದ್ಭುತಕಥೆಗಳನ್ನು ಕುರಿತ ಉಪನ್ಯಾಸದಲ್ಲಿ, ಆಸೆಯೇ ಇಲ್ಲದೆಡೆಯಲ್ಲಿ ಒದಗುವ ಮಂಗಳಕರವಾದ ತಿರುವನ್ನು ಇಂಥ ಕಥೆಗಳ ಪರಮೋಚ್ಚ ಧರ್ಮವೆಂದು ಪ್ರತಿಪಾದಿಸಿದ್ದನು. ಉಂಗುರವು ನಾಶವಾದ ದಿನವು ಮಾರ್ಚ್ 25. ಕ್ಯಾಥೊಲಿಕ್ ಪಂಚಾಂಗದಲ್ಲಿ ಅದು ಮಂಗಳವಾರ್ತೆಯ ಹಬ್ಬ. ತಿಳಿದವನಿಗೆ ಅದೊಂದು ಸೂಚನೆ. ತಿಳಿಯದವನಿಗೂ ಕಥೆಯ ಅರ್ಥಕ್ಕೆ ಕುಂದಿಲ್ಲ.

(5)

ಎರಡು ಕಥೆಗಳನ್ನೂ ಎದುರುಬದುರಾಗಿಟ್ಟರೆ ಒಂದು ವಿಚಿತ್ರವಾದ ಸಾಮ್ಯವು ತೋರುತ್ತದೆ. ಎರಡರಲ್ಲಿಯೂ ಯಾರೂ ಸಾಯದ ಒಂದು ಗಳಿಗೆಯಿಂದ ಸರ್ವವೂ ನಿರ್ಣಯವಾಗುತ್ತದೆ. ಜನ್ನನಲ್ಲಿ ಜೀವವಿಲ್ಲದುದನ್ನು ಕೊಂದ ಸಂಕಲ್ಪವು ಜನ್ಮಾಂತರಗಳ ದುಃಖವನ್ನು ತರುತ್ತದೆ. ಟೋಲ್ಕಿನ್ನನಲ್ಲಿ ಜೀವವುಳ್ಳದ್ದನ್ನು ಕೊಲ್ಲದೆ ಬಿಟ್ಟ ಸಂಕಲ್ಪವು ಲೋಕವನ್ನು ಉಳಿಸುತ್ತದೆ. ಆಲೋಚನೆಯಿಂದಲೂ ಪಾಪವುಂಟೆಂದು ಪಾಪನಿವೇದನೆಯಲ್ಲಿ ಒಪ್ಪುವ ಕ್ಯಾಥೊಲಿಕನಿಗೆ ಹಿಟ್ಟಿನ ಕೋಳಿಯ ಕೂಗು ಅಪರಿಚಿತವಾಗಲಾರದು.

ಹಿಟ್ಟಿನ ವಿಷಯದಲ್ಲಿ ಈ ಸಾಮ್ಯವೂ ಭೇದವೂ ಇನ್ನೂ ಸ್ಪಷ್ಟವಾಗುತ್ತವೆ. ಕ್ಯಾಥೊಲಿಕರ ಪ್ರಧಾನ ಆರಾಧನೆಗೆ ಕನ್ನಡದಲ್ಲಿ ‘ಬಲಿಪೂಜೆ’ ಎಂದೇ ಹೆಸರು. ಅಲ್ಲಿ ಅರ್ಪಿತವಾಗುವುದು ಗೋಧಿಯ ರೊಟ್ಟಿ. ಅದು ಬರಿಯ ಸಂಕೇತವಲ್ಲ, ಕ್ರಿಸ್ತನ ಶರೀರವೇ ಆಗುತ್ತದೆಂಬುದು ಅವರ ಶ್ರದ್ಧೆ. ಟೋಲ್ಕಿನ್ನನ ಪಥಿಕರು ಉಣ್ಣುವ ‘ಲೆಂಬಾಸ್’ ಎಂಬ ಬುತ್ತಿಯ ರೊಟ್ಟಿಯು ಹಸಿವಿಗಿಂತ ಹೆಚ್ಚಾಗಿ ಸಂಕಲ್ಪಬಲವನ್ನು ಪೋಷಿಸುತ್ತದೆ. ಗಾಲಮನ ಗಂಟಲಲ್ಲಿ ಅದು ಇಳಿಯುವುದಿಲ್ಲ. ಜನ್ನನ ಕಥೆಯಲ್ಲಿಯೂ ಕ್ಯಾಥೊಲಿಕರ ಪೂಜೆಯಲ್ಲಿಯೂ ದ್ರವ್ಯವು ಹಿಟ್ಟೇ. ಒಂದರಲ್ಲಿ ಅನ್ಯರ ಜೀವವನ್ನು ತೆಗೆಯುವ ಎಣಿಕೆಯು ಅದನ್ನು ಹೊಗುತ್ತದೆ, ಇನ್ನೊಂದರಲ್ಲಿ ತನ್ನ ಜೀವವನ್ನು ಕೊಟ್ಟವನ ಸಂಕಲ್ಪವು ಅದರಲ್ಲಿದೆಯೆಂದು ಭಕ್ತರು ನಂಬುತ್ತಾರೆ. ದ್ರವ್ಯಕ್ಕಿಂತ ಸಂಕಲ್ಪವೇ ಬಲವತ್ತರವೆಂಬಲ್ಲಿ ಎರಡು ಮತಗಳೂ ಕೂಡುತ್ತವೆ.

ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಜನ್ನನ ಲೋಕದಲ್ಲಿ ಕರ್ಮವನ್ನು ಉಂಡೇ ತೀರಿಸಬೇಕು. ಹೊರಗಿನಿಂದ ಬಂದು ಬಿಡಿಸುವವರಿಲ್ಲ. ಕೋಳಿಗಳಾಗಿದ್ದಾಗ ಮುನಿಯ ಧರ್ಮೋಪದೇಶವು ಕಿವಿಗೆ ಬಿದ್ದು, ಹಿಂದಿನ ಜನ್ಮಗಳ ನೆನಪಾಗುವುದೇ ಬಿಡುಗಡೆಯ ಮೊದಲು. ಆಮೇಲೆ ಅವರೇ ಅಭಯರುಚಿ ಅಭಯಮತಿಯರಾಗಿ, ಬಲಿಗೆ ತರಲ್ಪಟ್ಟ ಸ್ಥಳದಲ್ಲಿಯೇ ಕಥೆಯನ್ನು ಹೇಳಿ, ಮಾರಿದತ್ತನ ಮನಸ್ಸನ್ನು ಹಿಂಸೆಯಿಂದ ತಿರುಗಿಸುತ್ತಾರೆ. ಟೋಲ್ಕಿನ್ನನ ಲೋಕದಲ್ಲಿಯಾದರೋ ಸೋತವನಿಗೂ ಕೃಪೆಯುಂಟು. ಆದರೆ ಕೃಪೆಯು ಗಾಯವನ್ನು ಅಳಿಸುವುದಿಲ್ಲ. ಫ್ರೋಡೊ ಬೆರಳನ್ನು ಕಳೆದುಕೊಂಡು ಊರಿಗೆ ಬಂದರೂ ನೆಮ್ಮದಿಯನ್ನು ಕಾಣದೆ, ಕೊನೆಗೆ ಹಡಗನ್ನೇರಿ ಆ ನಾಡನ್ನೇ ಬಿಟ್ಟು ಹೋಗುತ್ತಾನೆ. ಕೃಪೆಯೆಂದರೆ ಅಗ್ಗದ ಸುಖಾಂತವೆಂದು ತಿಳಿದವರು ಈ ಕೊನೆಯ ಪ್ರಕರಣವನ್ನು ಮತ್ತೊಮ್ಮೆ ಓದತಕ್ಕದ್ದು.

ಆದುದರಿಂದ ಅದ್ಭುತಕಥೆಯಲ್ಲಿ ಮತವನ್ನು ಅರಸುವವನು ಯಾವ ಪಾತ್ರವು ಯಾವ ದೇವರೆಂದು ಕೇಳುವುದಕ್ಕಿಂತ, ಆ ಲೋಕದಲ್ಲಿ ಸಣ್ಣದೊಂದು ಕರ್ಮಕ್ಕೆ ಏನು ಫಲ, ಸೋತವನಿಗೆ ಎಲ್ಲಿಂದ ನೆರವು ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಉಚಿತ. ಇದರಿಂದ ಅಧ್ಯಾಪಕರಿಗೆ ಒಂದು ಪ್ರಯೋಜನವುಂಟು. ಪಾತ್ರಗಳ ಪಟ್ಟಿಯನ್ನು ಕೊಟ್ಟರೆ ಟೋಲ್ಕಿನ್ನನ ಕಥೆಯು ಅನ್ಯಮತದ ಗುಟ್ಟಾಗಿ ವಿದ್ಯಾರ್ಥಿಗೆ ತೋರುತ್ತದೆ. ಜನ್ನನ ಕಾವ್ಯವು ಅಜೈನನಿಗೆ ಶುಷ್ಕವಾದ ಉಪದೇಶವಾಗಿ ಕಾಣುತ್ತದೆ. ಫಲದ ಕಟ್ಟಳೆಯನ್ನು ತೋರಿಸಿದರೆ, ಯಾವ ಮತದವನೂ ತನ್ನ ಶ್ರದ್ಧೆಯನ್ನು ಬಿಡದೆಯೂ ಇನ್ನೊಬ್ಬನದನ್ನು ಹಳಿಯದೆಯೂ ಎರಡನ್ನೂ ಓದಬಲ್ಲನು. ಶೇಡಬಾಳದ ಹುಡುಗನೊಬ್ಬನು ಕತ್ತಲ ಗವಿಯಲ್ಲಿ ಬಿಲ್ಬೊ ಕತ್ತಿಯನ್ನು ತಡೆದ ಪ್ರಸಂಗವನ್ನು ಓದುವಾಗ, ಹಿಟ್ಟಿನ ಕೋಳಿಯ ಕಥೆಯನ್ನು ಮನೆಯಲ್ಲಿ ಕೇಳಿದವನಾಗಿದ್ದರೆ, ಆ ಗಳಿಗೆಯ ತೂಕವನ್ನು ಅರಿಯಲು ಅವನಿಗೆ ಬೇರೆ ವ್ಯಾಖ್ಯಾನವು ಬೇಕಾಗುವುದಿಲ್ಲ.