ಪತ್ತನಾಜೆಗೆ ಮುಂಚೆ ಗೀರು ಮುಚ್ಚಬೇಕು

ಬೇಸಗೆಯಲ್ಲಿ ಕುಮಾರಧಾರೆ ಸೊರಗುತ್ತದೆ. ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯ ಸಂಗಮದವರೆಗೂ ಹೊಳೆಯ ಬಂಡೆಗಳು ಬೆನ್ನು ತೋರಿಸುತ್ತವೆ. ಕಾಣುವ ಬಂಡೆಯನ್ನು ಹುಟ್ಟು ಹಾಕುವವರು ತಪ್ಪಿಸಿಯಾರು. ನೀರಿನಿಂದ ನಾಲ್ಕು ಬೆರಳು ಕೆಳಗಿರುವ ಬಂಡೆಯೇ ಫೈಬರ್ ದೋಣಿಯ ತಳಕ್ಕೆ ಗೀರು ಹಾಕುವುದು. ದಡಕ್ಕೆಳೆದು ಬೋರಲು ಹಾಕಿದ ಮೇಲೆಯೇ ಅದು ಕಣ್ಣಿಗೆ ಬೀಳುತ್ತದೆ.

ಈ ಸೀಮೆಗೆ ದೋಣಿ ಹೊಸದಲ್ಲ. ಸೇತುವೆ ಬರುವವರೆಗೆ ಶಾಂತಿಮೊಗರಿನಂಥ ಕಡವುಗಳಲ್ಲಿ ಜನ ದೋಣಿಯಲ್ಲೇ ಹೊಳೆ ದಾಟುತ್ತಿದ್ದರು. ಸುಳ್ಯದ ಅರಂಬೂರಿನಲ್ಲಿ 1989ರಲ್ಲಿ ಗಿರೀಶ್ ಭಾರದ್ವಾಜ್ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಇಂಥ ಸೇತುವೆಗಳು ಒಂದೊಂದಾಗಿ ಎದ್ದಂತೆ ಕಡವಿನ ಕೂಗು ಕಡಿಮೆಯಾಯಿತು. ಮರದ ದೋಣಿಗೆ ಕರಾವಳಿಯವರು ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಪುತ್ತೂರಿನಲ್ಲಿ ಗೇರು ಸಂಶೋಧನಾ ಕೇಂದ್ರವೇ ಇದೆ; ಸಿಪ್ಪೆಯೆಣ್ಣೆ ಕೈಗಂಟಿದರೆ ಚರ್ಮ ಸುಡುವುದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಫೈಬರ್ ದೋಣಿಗೆ ಈ ವಾರ್ಷಿಕ ಎಣ್ಣೆಸ್ನಾನ ಬೇಡ. ಅದನ್ನು ಕಾಯುವುದು ಜೆಲ್‌ಕೋಟ್ ಎಂಬ ಹೊಳೆಯುವ ಹೊರಪದರ.

ಜೆಲ್‌ಕೋಟ್ ಎಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ದೋಣಿ ಎರಕಕ್ಕೆ ಕೂರುವಾಗ ಅಚ್ಚಿಗೆ ಮೊದಲು ಬೀಳುವುದು ಇದು. ಗಾಜಿನ ನಾರಿನ ಮ್ಯಾಟ್ ಬರುವುದು ಇದರ ಬೆನ್ನಿಗೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಎರಡು ಅಂಚೆ ಕಾರ್ಡು ಒಟ್ಟಿಗಿಟ್ಟಷ್ಟು. ಅದು ಹರಿದರೆ ನೀರು ನಾರಿನ ಗುಂಟ ಒಳಸೇರುತ್ತದೆ. 1923 ಮತ್ತು 1974ರ ನೆರೆಗಳನ್ನು ಇಂದಿಗೂ ಮಾತಿಗೆ ತರುವ ಉಪ್ಪಿನಂಗಡಿಯಂಥ ಊರಿನಲ್ಲಿ ಮಳೆಗಾಲಕ್ಕೆಂದು ಇಟ್ಟ ದೋಣಿಯ ತಳ ಗಟ್ಟಿಯಾಗಿರಲೇಬೇಕು.

ಮೊದಲ ಪರೀಕ್ಷೆ ಕಿವಿಯದು. ಹಲಸು ಬೆಳೆದಿದೆಯೇ ಎಂದು ಬಡಿದು ನೋಡುವ ಹಾಗೆ ಗೀರಿನ ಸುತ್ತ ನಾಣ್ಯದಿಂದ ತಟ್ಟಬೇಕು. ಟಣ್ ಎಂದರೆ ಪದರಗಳು ಬಿಗಿಯಾಗಿವೆ. ಮಂಕು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ. ಆ ಕೆಲಸ ಕಸುಬಿನವರದು. ನಕ್ಷತ್ರದಂತೆ ಹರಡಿದ ಬಿರುಕು ಏಟಿನದು, ಸಾಲಾಗಿ ಒಂದರ ಪಕ್ಕ ಒಂದಿರುವುದು ತಳ ಬಳುಕುತ್ತಿರುವುದರ ಸೂಚನೆ. ಬಳುಕು ನಿಲ್ಲಿಸದೆ ಮೇಲೆ ಮೆತ್ತಿದರೆ ಅದೇ ಜಾಗ ಮತ್ತೆ ಬಿರಿಯುತ್ತದೆ.

ಆಮೇಲೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಹಳೆಯ ಮೇಣ ಒರೆಸಬೇಕು, ಉಜ್ಜುವುದಕ್ಕೆ ಮೊದಲು. ಉಜ್ಜಿ ಆಮೇಲೆ ಒರೆಸಿದರೆ ಮೇಣ ಗೀರಿನೊಳಕ್ಕೇ ಹೋಗಿ ಕೂರುತ್ತದೆ. ಕೂದಲೆಳೆಯಂಥ ಬಿರುಕಿಗೆ ರೆಸಿನ್ ಇಳಿಯುವುದಿಲ್ಲ, ಅದನ್ನು 'ವಿ' ಆಕಾರಕ್ಕೆ ಕೆರೆದು ಬಾಯಿ ಅಗಲಿಸಬೇಕು. ಇಲ್ಲಿ ಸುಳ್ಯದ ರಬ್ಬರ್ ಟ್ಯಾಪಿಂಗಿನವರ ಕೈ ಬೇಕು: ತೊಗಟೆ ಸೀಳಬೇಕು, ಮರಕ್ಕೆ ಗಾಯವಾಗಬಾರದು. ನಾರು ಹೊರಗೆ ಕಂಡಿದ್ದರೆ ಸಿಹಿನೀರಲ್ಲಿ ತೊಳೆದು ಕೆಲವು ದಿನ ಒಣಗಲು ಬಿಡಬೇಕು. ತೇವದ ಮೇಲೆ ಹಚ್ಚಿದ್ದು ನಿಲ್ಲದು. ಹಾಗಾಗಿ ಕೆಲಸಕ್ಕೆ ಕಾಲ ಪತ್ತನಾಜೆಯ ಮುಂಚಿನ ವಾರಗಳು. ಜಾತ್ರೆ, ಕೋಲಗಳಿಗೆ ತೆರೆ ಎಳೆಯುವ ಆ ದಿನ ಕಳೆದು ಗಾಳಿಗೆ ಪಸೆ ಬಂದ ಮೇಲೆ ರೆಸಿನ್ ಗಟ್ಟಿಯಾಗಲು ಸತಾಯಿಸುತ್ತದೆ.

ಬೆರೆಸುವ ಹೊತ್ತೇ ಎಲ್ಲಕ್ಕಿಂತ ಸೂಕ್ಷ್ಮ. ಅಂಗಡಿಯಲ್ಲಿ ರೆಸಿನ್, ಕೋಬಾಲ್ಟ್, ಕ್ಯಾಟಲಿಸ್ಟ್ ಎಂದು ಮೂರು ಬಾಟಲಿ ಕೊಡುವುದುಂಟು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಕ್ಯಾಟಲಿಸ್ಟ್ ಆಮೇಲೆ. ಕೋಬಾಲ್ಟ್, ಕ್ಯಾಟಲಿಸ್ಟ್ ಎರಡೂ ನೇರವಾಗಿ ಸೇರಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಬೋರ್ಡೋ ಮಾಡುವಾಗ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ವಿನಾ ತಿರುಗಾಮುರುಗಾ ಅಲ್ಲ ಎಂದು ಅಡಿಕೆ ಬೆಳೆಗಾರರಿಗೆ ಗೊತ್ತು. ಅಲ್ಲಿ ಕ್ರಮ ತಪ್ಪಿದರೆ ಮದ್ದು ಕೆಡುತ್ತದೆ, ಇಲ್ಲಿ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬಾರದು. ಕೋಬಾಲ್ಟ್ ಮೊದಲೇ ಬೆರೆತ ಜೆಲ್‌ಕೋಟ್ ಸಿಗುವುದಾದರೆ ಮನೆಯಲ್ಲಿ ಮಾಡುವವರಿಗೆ ಅದೇ ಕ್ಷೇಮ. ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡು ಪಾಲು, ಎಂದರೆ 50 ಗ್ರಾಂಗೆ ಅರ್ಧದಿಂದ ಒಂದು ಗ್ರಾಂ ಅಷ್ಟೇ. ಮೇ ತಿಂಗಳ ಮಧ್ಯಾಹ್ನ ಕಲಸಿದರೆ ಹಚ್ಚುವ ಮೊದಲೇ ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ. ಇಬ್ಬನಿ ಆರಿದ ಬೆಳಗು, ನೆರಳು, ಅಂಗೈಯಷ್ಟು ಪ್ರಮಾಣ: ಇದು ಸರಿಯಾದ ಹದ.

ಗೀರಿನ ತುಂಬ ಒತ್ತಿ, ಕೂದಲೆಳೆಯಷ್ಟು ಉಬ್ಬಿರುವಂತೆ ಬಿಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿಗುಳ್ಳೆಗಳನ್ನು ಬೆರಳಿನಿಂದ ಅಂಚಿಗೆ ತಳ್ಳಬೇಕು. ಗಾಳಿಯ ಆಮ್ಲಜನಕ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ, ಹಾಳೆ ಅದಕ್ಕೇ. ಬಣ್ಣದ ಹೊಂದಿಕೆಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಬಿಸಿಲುಂಡ ಹಳೆಯ ಬಿಳುಪಿಗೆ ಹೊಸ ಬಿಳುಪು ಸರಿಹೊಂದುವುದು ಅಪರೂಪ. ಹೊಳೆಯ ದೋಣಿಗೆ ನುಣುಪು ಮುಖ್ಯ.

ಮರುದಿನ ಹಾಳೆ ಕಿತ್ತು 400ರ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ ನೀರು ಬಿಡುತ್ತ ಉಜ್ಜಬೇಕು. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಗುಳಿ ಬೀಳುತ್ತದೆ. ಮುಂದೆ 600, 800, 1000. ಆಮೇಲೆ ಕಾಂಪೌಂಡ್, ಕೊನೆಗೆ ಮೇಣ. ಮೇಣಕ್ಕೆ ಮೊದಲು ಕಣ್ಣು ಮುಚ್ಚಿ ತೇಪೆಯ ಮೇಲೆ ಉಗುರು ಎಳೆದು ನೋಡುವುದು. ಅದು ಎಲ್ಲೂ ತಡೆಯದೆ ಆಚೆ ದಾಟಿತೋ, ದೋಣಿಯನ್ನು ಮಗುಚಿ ಹೊಳೆಗಿಳಿಸಬಹುದು.